ಗಿಡ್ಡಪ್ಪನ ಬಾಗಿಲ ಮೇಲಿನ ಆನೆ

ಯೋಗೇಶ್ ಬರೆದ ಹಸು ಆಲ್ದೂರಿನ ಒಂದು ಹಾಲಿನ ಅಂಗಡಿಯ ಬೋರ್ಡಿನ ಮೇಲೆ ಇವತ್ತಿಗೂ ನಿಂತಿದೆ. ಅದು ಹಸು ಎಂದು ತಿಳಿಯಬೇಕಾದರೆ ಕೆಳಗಿನ ಅಕ್ಷರ ಓದಬೇಕು. ಅಕ್ಷರದಲ್ಲಿ ಮಾತ್ರ ಅವನನ್ನು ಮೀರಿಸುವವರು ಆ ಕಡೆ ಯಾರೂ ಇರಲಿಲ್ಲ. ಎರಡನೇ ಅಲೆಗೆ ಪೇಟೆಯ ಶಟರುಗಳೆಲ್ಲ ಇಳಿದು ಬೋರ್ಡು ಬರೆಸುವವರೇ ಇಲ್ಲದಂತಾದಾಗ, ಅವನು ಬ್ರಷ್ಷು, ಉಳಿದ ಬಣ್ಣದ ಡಬ್ಬಿಗಳನ್ನು ಚೀಲಕ್ಕೆ ತುರುಕಿಕೊಂಡು ಬಾಳೂರು ಕಡೆಯ ಜಯದೇವಪ್ಪನವರ ಕಾಫಿ ತೋಟಕ್ಕೆ, ತಾನು ಹುಟ್ಟಿದ ಕೂಲಿ ಲೈನಿಗೆ ವಾಪಸು ಬಂದ.

ಲೈನೆಂದರೆ ಒಂದಕ್ಕೊಂದು ಮುಖ ಮಾಡಿದ ಎರಡು ಸಾಲು ಮನೆ, ನಡುವೆ ಒಂದು ನಲ್ಲಿ. ಮನೆಗೆ ಒಂದು ಬಾಗಿಲು, ಒಂದು ಕಿಟಕಿ. ಕೂಲಿಯವರು ಎರಡೆರಡು ಕಡೆ ನೋಡುವ ಅಗತ್ಯವೇನಿದೆ ಎಂದು ಕಟ್ಟಿಸಿದವರಿಗೆ ಅನಿಸಿರಬೇಕು.

ಈ ಲೈನಿನಲ್ಲಿ ಮುದುಕಿ ಭಾಗಮ್ಮನಿಗೂ, ಸರಿಯಾಗಿ ಅವಳ ಎದುರು ಮನೆಯಲ್ಲಿ ಒಬ್ಬನೇ ಇರುವ ಗಿಡ್ಡಪ್ಪನಿಗೂ ಕೊರೊನಾ ಬಂತು. ಭಾಗಮ್ಮನ ಮೊಮ್ಮಗಳು ಧನ್ಯಶ್ರೀ ಪಕ್ಕದ ಮನೆಗೆ ಹೋಗಿ ಮಲಗತೊಡಗಿದಳು. ಇಬ್ಬರು ರೋಗಿಗಳಿಗೂ ಹೊಸ್ತಿಲ ಹೊರಗೆ ಗಂಜಿ ಇಟ್ಟು ದೂರ ಸರಿಯುವುದು ಅವಳ ಪಾಲಿಗೆ ಬಂತು.

ಮಾರನೇ ಬೆಳಿಗ್ಗೆ ತೋಟದ ಗುಮಾಸ್ತ, ಎಲ್ಲರೂ ರೈಟರ್ ಎಂದು ಕರೆಯುವ ನಾಗೇಶ, ಒಂದು ಕೆಂಪು ಬಣ್ಣದ ಡಬ್ಬಿ ಹಿಡಿದು ಬಂದ.

“ಸಾವ್ಕಾರ್ರು ಹೇಳಿದಾರೆ ಮಾರಾಯ. ಕಾಯಿಲೆ ಇರೋ ಮನೆ ಬಾಗ್ಲಿಗೆ ಗುರುತು ಹಾಕ್ಬೇಕಂತೆ. ನೀನು ಆರ್ಟಿಸ್ಟ್ ಅಲ್ವಾ, ನೀಟಾಗಿ ಹಾಕು.”

“ಎಂಥ ಗುರುತು?”

“ಒಂದು ಅಡ್ಡ, ಒಂದು ಉದ್ದ. ಅದ್ರಲ್ಲೂ ನಿನ್ ಹಸು ಬರೀಬೇಡ.”

ಆರ್ಟಿಸ್ಟ್ ಎಂದ ಮೇಲೆ ಯೋಗೇಶ್ ಉಬ್ಬದೆ ಇರುತ್ತಾನೆಯೆ. ಎರಡೂ ಬಾಗಿಲಿಗೆ ಅಳತೆ ಹಿಡಿದು, ದಾರ ಕಟ್ಟಿ ಗೆರೆ ಎಳೆದು, ದೊಡ್ಡ ಕೆಂಪು ಗುರುತು ಹಾಕಿದ. ಬೋರ್ಡಿನ ಅಕ್ಷರಕ್ಕೆ ಬಿಡುವಂತೆ ಅದಕ್ಕೂ ಒಂದು ಬದಿ ನೆರಳು ಬಿಟ್ಟ. ಹಿಂದೆ ಸರಿದು ತಲೆ ಓರೆ ಮಾಡಿ ನೋಡಿದ.

ಗುರುತು ಹಾಕಿಸಿಕೊಳ್ಳುವುದು ಲೈನಿನವರಿಗೆ ಹೊಸದೇನೂ ಅಲ್ಲ. ಸಾಹುಕಾರರ ಬಂಗಲೆಯ ಹಿತ್ತಲ ಸೂರಿನಲ್ಲಿ ಅವರಿಗೆಂದೇ ಬೋರಲು ಹಾಕಿದ ಲೋಟಗಳು ಕೊರೊನಾ ಬರುವುದಕ್ಕೆ ಎಷ್ಟೋ ಮೊದಲೇ ದೂರ ಕಾಯ್ದುಕೊಂಡಿದ್ದವು. ಜಯದೇವಪ್ಪನವರ ಮಗ ಕುಮಾರನಿಗೆ ಹಿಂದಿನ ತಿಂಗಳು ಇದೇ ಕಾಯಿಲೆ ಬಂದಾಗ ಬಂಗಲೆಯ ಗೇಟಿಗೆ ಬಿದ್ದದ್ದು ಬೀಗ ಮಾತ್ರ, ಬಣ್ಣವಲ್ಲ. ಆದರೂ ಸಾಹುಕಾರರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಯೋಚನೆ ಮಾಡದೆ ಹೇಳಿದ್ದು. ದೊಡ್ಡವರಿಗೆ ಅಷ್ಟು ಸಾಕಾಗುತ್ತದೆ.

ಅಂದು ಮಧ್ಯಾಹ್ನ ಭಾಗಮ್ಮ ಕಿಟಕಿಗೆ ಬಂದಳು. ಎದುರು ಬಾಗಿಲ ಮೇಲಿನ ಕೆಂಪು ಗುರುತನ್ನು ಬಹಳ ಹೊತ್ತು ನೋಡಿದಳು.

“ಗಿಡ್ಡಪ್ಪ, ನನ್ ಬಾಗ್ಲಿಗೂ ಹಾಕಿದಾರೇನೋ?”

“ಹಾಕವ್ರೆ. ನಿಂದು ನಂದಕ್ಕಿಂತ ದಪ್ಪ,” ಎಂದ ಗಿಡ್ಡಪ್ಪ ತನ್ನ ಕಿಟಕಿಯಿಂದ.

ಆಮೇಲೆ ಭಾಗಮ್ಮ ಗಂಜಿ ಮುಟ್ಟಲಿಲ್ಲ. ಸಂಜೆಯದೂ ಹಾಗೇ ಇತ್ತು, ಬೆಳಗಿನದೂ. ಆಶಾ ಕಾರ್ಯಕರ್ತೆ ಪ್ರೇಮಕುಮಾರಿ ಬಂದು ಬೆರಳಿಗೆ ಮಿಷನ್ ಸಿಕ್ಕಿಸಿ ನೋಡಿದಳು. ಉಸಿರು ಚೆನ್ನಾಗಿಯೇ ಇತ್ತು. ಹೊರಬಂದು ಧನ್ಯಶ್ರೀಗೆ ಹೇಳಿದಳು: “ಕಾಯಿಲೆ ಅಜ್ಜಿನ ಏನೂ ಮಾಡ್ತಿಲ್ಲ ಕಣೆ. ಹೊಟ್ಟೆಗಿಲ್ದೆ ಹೋಗ್ತಾರೆ ಅಷ್ಟೆ. ಹಿಂಗೇ ಆದ್ರೆ ಮೂಡಿಗೆರೆಗೆ ಸಾಗಿಸ್ಬೇಕು. ಅಲ್ಲಿ ಬೆಡ್ಡೂ ಇಲ್ಲ.”

ಧನ್ಯಶ್ರೀ ಕಿಟಕಿಯಿಂದ ದೂರ ನಿಂತು ಗದರಿದಳು. “ಅಜ್ಜಿ, ಯಾಕೆ ಉಣ್ತಿಲ್ಲ? ಉಪ್ಪು ಕಮ್ಮಿ ಆಯ್ತಾ?”

ಭಾಗಮ್ಮ ಮಗ್ಗುಲು ಬದಲಿಸದೆಯೇ ಹೇಳಿದಳು. “ಬೋರರ್ ಗಿಡಕ್ಕೆ ಯಾರಾದ್ರೂ ಗೊಬ್ಬರ ಹಾಕ್ತಾರೇನೇ?”

ಆಗ ಧನ್ಯಶ್ರೀಗೆ ಅರ್ಥವಾಯಿತು. ಅಜ್ಜಿ ಆಯುಷ್ಯವಿಡೀ ಮಾಡಿದ ಕೆಲಸವೇ ಅದು. ಅರೇಬಿಕಾ ಗಿಡದ ಕಾಂಡವನ್ನು ಒಳಗಿನಿಂದ ಕೊರೆಯುವ ಹುಳಕ್ಕೆ ತೋಟದವರು ಬೋರರ್ ಎನ್ನುತ್ತಾರೆ. ಹೆಂಗಸರು ಸಾಲಾಗಿ ಹೋಗಿ, ಒಂದೊಂದು ಗಿಡಕ್ಕೂ ಬಗ್ಗಿ, ಹೆಬ್ಬೆರಳಿನಿಂದ ಕಾಂಡ ಸವರುತ್ತಾರೆ. ತೊಗಟೆ ಉಬ್ಬಿದ್ದು ಸಿಕ್ಕಿದರೆ ಕೆಂಪು ಬಣ್ಣದ ಗುರುತು. ಹಿಂದೆಯೇ ಗಂಡಸರು ಬಂದು ಅದನ್ನು ಬೇರು ಸಮೇತ ಕಿತ್ತು ರಾಶಿ ಹಾಕಿ ಸುಡುತ್ತಾರೆ. ಪಕ್ಕದ ಗಿಡಕ್ಕೆ ಹಬ್ಬಬಾರದಲ್ಲ. ಗುರುತು ಬಿದ್ದ ಗಿಡಕ್ಕೆ ಮೇಲ್ಮನವಿ ಇಲ್ಲ. ಟೀವಿಯಲ್ಲಿ ದಿನವೂ ಹೆಣಗಳನ್ನು ರಾಶಿ ಹಾಕಿ ಸುಡುವುದನ್ನೇ ತೋರಿಸುತ್ತಿದ್ದ ಕಾಲ ಬೇರೆ. ಅದರ ಮೇಲೆ ರೈಟರ್ ನಾಗೇಶ ತಂದದ್ದು ಬೋರರ್ ಕೆಲಸದಲ್ಲಿ ಉಳಿದ ಅದೇ ಡಬ್ಬಿ, ಅದೇ ಕೆಂಪು. ಭಾಗಮ್ಮನಿಗೆ ಆ ಬಣ್ಣ ಓದಲು ಯಾರೂ ಕಲಿಸಬೇಕಾಗಿರಲಿಲ್ಲ.

ಧನ್ಯಶ್ರೀ ನೆಟ್ಟಗೆ ಯೋಗೇಶನ ಮನೆಗೆ ಹೋದಳು. “ನೀನೇ ಹಾಕಿದ್ದು, ನೀನೇ ತೆಗಿ. ಅಜ್ಜಿಗೆ ಏನಾದ್ರೂ ಆದ್ರೆ ನಿನ್ನನ್ನ ಕಿತ್ತು ಸುಡ್ತೀನಿ.”

“ನಂಗೇನ್ ಗೊತ್ತು ಮಾರಾಯ್ತಿ...”

“ನೆರಳು ಬಿಡೋದು ಗೊತ್ತಿತ್ತಲ್ಲ.”

ಯೋಗೇಶ್ ಮೂಗು ಬಾಯಿ ಬಿಗಿದು ಕಟ್ಟಿಕೊಂಡು ಸೀಮೆಎಣ್ಣೆ ಬಟ್ಟೆ ಹಿಡಿದ. ಭಾಗಮ್ಮನ ಕಣ್ಣಿಗೆ ಬೀಳುವುದು ಗಿಡ್ಡಪ್ಪನ ಬಾಗಿಲು, ಆದ್ದರಿಂದ ಮೊದಲು ಅದನ್ನೇ ಉಜ್ಜಿದ. ಗುರುತು ಹೋಗಲಿಲ್ಲ, ಹರಡಿತು. ಬಾಗಿಲ ತುಂಬ ಕೋಳಿ ಕೊಯ್ದ ಹಾಗಾಯಿತು.

“ಈಗ ಇನ್ನೂ ಚಂದ ಆಯ್ತು,” ಎಂದಳು ಧನ್ಯಶ್ರೀ. “ಅದರ ಮೇಲೆ ಏನಾದ್ರೂ ಬರಿ.”

“ಏನು ಬರೀಲಿ?”

“ಗುರುತು ಬಿಟ್ಟು ಏನಾದ್ರೂ.”

ಚೀಲದಲ್ಲಿದ್ದದ್ದು ಹಸಿರು, ಬಿಳಿ, ಒಂಚೂರು ಕಪ್ಪು. ಕಪ್ಪು, ಬಿಳಿ ಕಲಸಿದರೆ ಬೂದು. ಬೂದು ಬಣ್ಣಕ್ಕೆ ಯೋಗ್ಯ ಪ್ರಾಣಿ ಆನೆ. ಅಷ್ಟು ದೊಡ್ಡ ಕೆಂಪನ್ನು ಮುಚ್ಚಲು ಆನೆಯಂಥ ಆನೆಯೇ ಬೇಕಿತ್ತು ಕೂಡ. ಊಟದ ಹೊತ್ತಿನೊಳಗೆ ಗಿಡ್ಡಪ್ಪನ ಬಾಗಿಲ ಮೇಲೆ ಒಂದು ಭಾರಿ ದೇಹ ಎದ್ದು ನಿಂತಿತು. ನಲ್ಲಿಗೆ ಬಂದವರು ಕೊಡ ಇಟ್ಟು ನೋಡಿದರು. ಯಾರೂ ಏನೂ ಹೇಳಲಿಲ್ಲ. ಲೈನಿನವರಿಗೆ ಮರ್ಯಾದೆ ಇದೆ.

ಗಲಾಟೆ ನಿಂತದ್ದು ಕೇಳಿ ಭಾಗಮ್ಮ ಗೋಡೆ ಹಿಡಿದುಕೊಂಡು ಕಿಟಕಿಗೆ ಬಂದಳು. ಕಣ್ಣು ಕಿರಿದು ಮಾಡಿದಳು.

“ಏನೋ ಅದು, ಹಂದಿನಾ?”

ಊಟ ಬಿಟ್ಟ ಮೇಲೆ ಅವಳು ತಾನಾಗಿ ಆಡಿದ ಮೊದಲ ಮಾತು ಇದು.

“ಆನೆ, ಭಾಗಕ್ಕ,” ಎಂದ ಯೋಗೇಶ್.

“ಆನೆಗೆ ಬಾಲ ಎಲ್ಲಿ?”

“ಬಾಗ್ಲು ಮುಗೀತು.”

ಒಳಗಿನಿಂದ ಗಿಡ್ಡಪ್ಪ ಕೂಗಿದ. “ಲೇ, ನನ್ ಬಾಗ್ಲ ಮೇಲೆ ಹಂದಿ ಬರ್ದಿದೀಯೇನೋ?”

“ಆನೆ ಮಾರಾಯಾ!”

“ಹಂದಿನೇ ಕಣೋ ಗಿಡ್ಡಪ್ಪ,” ಎಂದಳು ಭಾಗಮ್ಮ. “ಸೊಂಡ್ಲಿರೋ ಹಂದಿ. ನಿನ್ ಬಾಗ್ಲಿಗೆ ಸರಿಯಾಗೈತೆ.” ಹೇಳಿ ಕೆಮ್ಮಿದಳು. ಕೆಮ್ಮಿನ ನಡುವೆ ನಗು ಇತ್ತು, ಅಥವಾ ಧನ್ಯಶ್ರೀಗೆ ಹಾಗೆ ಕೇಳಿಸಿತು. ಆದರೆ ಗಂಜಿ ಮಾತ್ರ ಹಾಗೇ ಉಳಿಯಿತು. “ಅವನ ಗುರುತು ಮುಚ್ಚಿದ್ರಿ. ನಂದು ಅಲ್ಲೇ ಐತಲ್ಲ,” ಎಂದು ಹೋಗಿ ಮಲಗಿದಳು.

ಮಾರನೇ ದಿನ ಯೋಗೇಶ್ ಭಾಗಮ್ಮನ ಬಾಗಿಲಿಗೆ ಕೈ ಹಾಕಿದ. ಇಲ್ಲೊಂದು ತೊಡಕಿತ್ತು. ಅವಳ ಬಾಗಿಲು ಅವಳಿಗೇ ಕಾಣುವುದಿಲ್ಲ. ಒಳಗಿನಿಂದ ಬ್ರಷ್ಷು ಬಾಗಿಲಿಗೆ ತಾಗುವ ಸದ್ದು ಮಾತ್ರ ಕೇಳುತ್ತದೆ. ಕಾಣುವುದು ಎದುರಿಗೆ ಕೂತ ಗಿಡ್ಡಪ್ಪನಿಗೆ. ಗಿಡ್ಡಪ್ಪನೋ, ವರ್ಷಾನುಗಟ್ಟಲೆ ಕಾಫಿಗೆ ನೆರಳು ಕೊಡುವ ಸಿಲ್ವರ್ ಮರ ಹತ್ತಿ ಕೊಂಬೆ ಕಡಿದವನು. ಮೇಲಿಂದ ಕಂಡದ್ದನ್ನು ಕೆಳಗಿನವರಿಗೆ ಸುಳ್ಳು ಹೇಳಿ ಹೇಳಿ ಪಳಗಿದವನು.

“ಗಿಡ್ಡಪ್ಪ, ನನ್ ಬಾಗ್ಲಿಗೆ ಏನು ಬರೀತಾವ್ನೆ?”

“ಹೇಳ್ಬೇಕಾ?”

“ಹೇಳೋ.”

“ಗಂಜಿ ಕುಡಿ ಮೊದ್ಲು.”

“ನಿನ್ ಬಾಯಿಗೆ ಮಣ್ಣು ಹಾಕ.”

“ಹಾಕು. ನೀನು ಬಾಯಿಗೆ ಗಂಜಿ ಹಾಕ್ಕೋ. ಆಮೇಲೆ ಹೇಳ್ತೀನಿ.”

ಭಾಗಮ್ಮ ಹಟದವಳು. ಮಧ್ಯಾಹ್ನದವರೆಗೂ ತಡೆದಳು. ಮಧ್ಯಾಹ್ನ ಹೊರಗೆ ನಲ್ಲಿಯ ಹತ್ತಿರ ಹೆಂಗಸರು ತನ್ನ ಬಾಗಿಲು ನೋಡಿ ಕಿಸಿಕಿಸಿ ನಗುವುದು ಕೇಳಿದ ಮೇಲೆ ತಡೆಯಲಾಗಲಿಲ್ಲ. ಲೋಟ ಖಾಲಿ ಮಾಡಿ ಕಿಟಕಿಯಲ್ಲಿ ಬೋರಲು ಹಿಡಿದು ತೋರಿಸಿದಳು.

“ಕೋತಿ,” ಎಂದ ಗಿಡ್ಡಪ್ಪ.

“ಏನು?”

“ಒಂದು ಕೋತಿ. ಮೂಗು ನಿಂದೇ. ಕೈಯಲ್ಲಿ ಏನೋ ಹಿಡ್ಕಂಡದೆ, ನಾಳೆ ಗಂಜಿ ಕುಡಿದ್ಮೇಲೆ ಹೇಳ್ತೀನಿ.”

ಭಾಗಮ್ಮ ಯೋಗೇಶನಿಗೂ, ಅವನ ಹಸುವಿಗೂ, ಅವನಿಗೆ ಬ್ರಷ್ಷು ಕೊಟ್ಟವರಿಗೂ ಬೈದಳು. ಹೊರಗೆ ಬಂದ ದಿನ ಅದೇ ಬಣ್ಣವನ್ನು ಅವನ ಮುಖಕ್ಕೆ ಬಳಿಯುವುದಾಗಿ ಸಾರಿದಳು. ಹೊರಗೆ ಬರುವ ಮಾತು ಅವಳ ಬಾಯಲ್ಲಿ ಬಂದದ್ದನ್ನು ಧನ್ಯಶ್ರೀ ಗಮನಿಸಿದಳು. ಸಂಜೆ ಗಂಜಿಗೆ ಒಂದು ಮೊಟ್ಟೆಯೂ ಸೇರಿತು.

ಕೋತಿಗೆ ದಿನಕ್ಕೊಂದು ಅಂಗ ಬೆಳೆಯಿತು. ಒಂದು ದಿನ ಸೀರೆ ಉಟ್ಟಿತು. ಒಂದು ದಿನ ಸಾಹುಕಾರರ ಕೋವಿ ಹಿಡಿಯಿತು.

ಸುದ್ದಿ ಬಂಗಲೆಗೆ ಹೋಗದೆ ಇರುತ್ತದೆಯೆ. ಜಯದೇವಪ್ಪನವರು ಮಾಸ್ಕಿನ ಮೇಲೊಂದು ಮಾಸ್ಕು ಹಾಕಿಕೊಂಡು ಜೀಪಿನಲ್ಲಿ ಬಂದು ಲೈನಿನ ತುದಿಯಲ್ಲೇ ಇಳಿದರು. ಹಿಂದೆ ರೈಟರ್ ನಾಗೇಶ.

“ಗುರುತು ಎಲ್ಲಿ ಮಾರಾಯಾ? ಜನಕ್ಕೆ ಗೊತ್ತಾಗ್ಬೇಕಲ್ಲ.”

ಯೋಗೇಶ್ ಬ್ರಷ್ಷನ್ನು ಬೆನ್ನ ಹಿಂದೆ ಹಿಡಿದ. ಧನ್ಯಶ್ರೀ ಮುಂದೆ ಬಂದಳು.

“ಯಾವ ಜನಕ್ಕೆ ಸರ್? ಲೈನಲ್ಲಿ ಎಲ್ರಿಗೂ ಗೊತ್ತು. ಬಂಗಲೇಲಿ ಕುಮಾರಣ್ಣಂಗೆ ಬಂದಾಗ್ಲೂ ಗೊತ್ತಾಯ್ತು. ಗೇಟಿಗೆ ಬಣ್ಣ ಹಚ್ಚಿರ್ಲಿಲ್ವಲ್ಲ.”

ನಾಗೇಶ ಮೋಡ ನೋಡತೊಡಗಿದ. ಜಯದೇವಪ್ಪನವರೂ ಎಲ್ಲಿಯಾದರೂ ನೋಡಬೇಕಲ್ಲ, ಗಿಡ್ಡಪ್ಪನ ಬಾಗಿಲು ನೋಡಿದರು.

“ಇದೇನು, ಹಂದಿನಾ?”

ಎರಡೂ ಸಾಲಿನಲ್ಲಿ ನಗು ಹರಿದಾಡಿತು. ಕಿಟಕಿಯಿಂದ ಭಾಗಮ್ಮ ಕೂಗಿದಳು. “ಗುರುತು ಬೇಕೇ ಬೇಕು ಅಂದ್ರೆ ಬಂಗಲೆ ಬಾಗ್ಲಿಗೂ ಒಂದು ಬರೆಸ್ಕಳಿ ಸಾವ್ಕಾರ್ರೇ. ನಿಮ್ ಬಾಗ್ಲು ದೊಡ್ದು, ಬಾಲನೂ ಹಿಡೀತದೆ.”

ಇಷ್ಟು ವರ್ಷದಲ್ಲಿ ಭಾಗಮ್ಮ ಸಾಹುಕಾರರಿಗೆ ತಲೆ ಎತ್ತಿ ಹೇಳಿದ ಮಾತು ಇದೊಂದೇ. ಸಾಯುತ್ತಾಳೆಂದು ಕೇಳಿದ್ದ ಮುದುಕಿಯನ್ನು ಅವರು ಒಮ್ಮೆ ನೋಡಿದರು. “ತೋಟದ ಡಬ್ಬಿ ವಾಪಸ್ ಕೊಡಿ,” ಎಂದಷ್ಟೇ ಹೇಳಿ ಜೀಪು ಹತ್ತಿದರು. ಆಮೇಲೆ ಯಾವ ಬಾಗಿಲಿಗೂ ಗುರುತು ಬೀಳಲಿಲ್ಲ.

ಭಾಗಮ್ಮ ಒಳಗಿರಬೇಕಾದ ದಿನಗಳ ಗಡುವು ಮುಗಿಯುವ ಹೊತ್ತಿಗೆ ಗಿಡ್ಡಪ್ಪನ ಕಿಟಕಿ ಸಪ್ಪಗಾಯಿತು. ಮತ್ತೆ ಜ್ವರ ಏರಿತ್ತು. ಉಸಿರಿನ ಲೆಕ್ಕ ಸ್ವಲ್ಪ ಇಳಿದಿದೆ, ಆದರೆ ಗಾಬರಿಯಿಲ್ಲ, ಬೋರಲು ಮಲಗಲಿ, ಬಿಡದೆ ಊಟ ಮಾಡಿಸಿ ಎಂದು ಪ್ರೇಮಕುಮಾರಿ ಹೇಳಿ ಹೋದಳು. ಕೋತಿಯ ಸುದ್ದಿ ಬರುವುದು ನಿಂತಿತು. ಹೊಸ್ತಿಲಲ್ಲಿ ಈಗ ಗಿಡ್ಡಪ್ಪನ ಗಂಜಿ ಕೆನೆ ಕಟ್ಟತೊಡಗಿತು.

ಭಾಗಮ್ಮ ಹೊರಬಂದ ದಿನ ಮಳೆ ಬಿಟ್ಟಿತ್ತು. ಯೋಗೇಶ್ ಮುನ್ನೆಚ್ಚರಿಕೆಯಾಗಿ ನಲ್ಲಿಯ ಆಚೆ ನಿಂತಿದ್ದ. ಅವಳು ಅಂಗಳಕ್ಕಿಳಿದು, ಸೆರಗು ಸಿಕ್ಕಿಸಿ, ಕೋತಿಗೆ ಬೈಯಲು ಬಾಯಿ ತೆರೆದು ತಿರುಗಿದಳು.

ಬಾಗಿಲ ತುಂಬ ಒಂದು ಕಾಫಿ ಗಿಡವಿತ್ತು. ಮೇಲಿನ ಕೊಂಬೆಗಳ ತುಂಬ ಬಿಳಿ ಹೂವು. ಕೆಳಗೆ ಕೆಂಪು ಕಂಡಲ್ಲೆಲ್ಲ ಹಣ್ಣಿನ ಗೊಂಚಲು.

“ಹೂವೂ ಹಣ್ಣೂ ಒಟ್ಟಿಗೇ ಬಿಟ್ಟಿರೋ ಗಿಡ ಯಾವ ತೋಟದಲ್ಲಿ ನೋಡಿದ್ಯೋ?”

“ಕೆಂಪು ಮುಚ್ಚೋಕಾಗ್ಲಿಲ್ಲ ಭಾಗಕ್ಕ. ಹಣ್ಣು ಮಾಡ್ಬಿಟ್ಟೆ.”

ಅವಳು ಹತ್ತಿರ ಹೋದಳು. ಬಗ್ಗಿದಳು. ಹೆಬ್ಬೆರಳನ್ನು ಬುಡಕ್ಕಿಟ್ಟು, ಬರೆದ ಕಾಂಡವನ್ನು ನಿಧಾನವಾಗಿ ಮೇಲಿನವರೆಗೆ ಸವರಿದಳು. ಆ ಬೆರಳು ಏನು ಹುಡುಕುತ್ತದೆಂದು ನಲ್ಲಿಯ ಹತ್ತಿರ ಇದ್ದವರಿಗೆಲ್ಲ ಗೊತ್ತಿತ್ತು.

“ಇದ್ಯಾ ಅಜ್ಜಿ?” ಎಂದಳು ಧನ್ಯಶ್ರೀ.

“ಇಲ್ಲ. ಕಾಂಡ ಸೊಟ್ಟ ಅದೆ. ಇರ್ಲಿ ಬಿಡು, ಕೀಳೋದು ಬೇಡ.”

ಆಮೇಲೆ ಎದುರು ಕಿಟಕಿಗೆ ತಿರುಗಿದಳು. “ಎಲ್ಲೋ ಗಿಡ್ಡಪ್ಪ ನಿನ್ ಕೋತಿ?”

ಸಣ್ಣ ದನಿಯಲ್ಲಿ ಉತ್ತರ ಬಂತು. “ಇಷ್ಟು ದಿನ ಒಳಗಿತ್ತು. ಈಗ ಅಂಗಳಕ್ಕೆ ಬಂದದೆ.”

ಹೆಂಗಸರು ನಕ್ಕರು. ಭಾಗಮ್ಮ ನಗಲಿಲ್ಲ. ಅವನ ಹೊಸ್ತಿಲಲ್ಲಿ ಕೆನೆಗಟ್ಟಿದ ಗಂಜಿ ಕಂಡಿತ್ತು. ಧನ್ಯಶ್ರೀಗೆ ಅದನ್ನು ಬಿಸಿ ಮಾಡಿ ತರಲು ಕಣ್ಣಲ್ಲೇ ಹೇಳಿ, ನಲ್ಲಿ ಕಟ್ಟೆಯ ಮೇಲೆ ಅವನ ಬಾಗಿಲಿಗೆ ಎದುರಾಗಿ ಕೂತಳು.

ಸ್ವಲ್ಪ ಹೊತ್ತಿಗೆ ಗಿಡ್ಡಪ್ಪನ ಮುಖ ಸರಳುಗಳ ಹಿಂದೆ ಬಂತು.

“ಭಾಗಕ್ಕ, ತಮಾಷೆ ಸಾಕು. ನನ್ ಬಾಗ್ಲ ಮೇಲಿರೋದು ನಿಜವಾಗ್ಲೂ ಆನೆನೋ, ಹಂದಿನೋ?”

“ಹೇಳ್ಬೇಕಾ?”

“ಹೇಳೇ.”

“ಗಂಜಿ ಕುಡಿ ಮೊದ್ಲು,” ಎಂದಳು ಭಾಗಮ್ಮ.