ಕರಿ ಹಿಡಿಕೆಯ ಕಸಿಚಾಕು

ನಾನು ಒಂದು ಚಾಕು. ಮಡಚಿದರೆ ಅಂಗೈಯೊಳಗೆ ಅಡಗಿಬಿಡುತ್ತೇನೆ. ಮಾವಿನ ಸಸಿಗಳಿಗೆ ಕಸಿ ಕಟ್ಟುವವರ ಸಂಗಾತಿ ನಾನು. ದೂರದ ಒಂದು ಕಾರ್ಖಾನೆಯಲ್ಲಿ ಹುಟ್ಟಿದೆ. ಅಲ್ಲಿ ನನ್ನ ಅಲಗನ್ನು ಕಾಸಿ, ಎಣ್ಣೆಯಲ್ಲಿ ಅದ್ದಿ ಹದ ಕೊಟ್ಟರು. ಎರಡು ಬದಿಗೆ ಅಗಲವಾದ ಸ್ಟೀಲಿನ ತಗಡು ಕೂಡಿಸಿ ಮೊಳೆ ಬಡಿದರು. ತಿರುಗುವ ಚಕ್ರಕ್ಕೆ ಹಿಡಿದು ಉಜ್ಜಿದ ಮೇಲಂತೂ ನನ್ನ ಹಿಡಿಕೆ ಕನ್ನಡಿಯೇ ಆಯಿತು. ಧಾರವಾಡದ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಅಷ್ಟು ಚಾಕುಗಳ ನಡುವೆ ಎಲ್ಲರ ಕಣ್ಣೂ ನನ್ನ ಮೇಲೇ. ಬಹಳ ಜಂಬವಿತ್ತು ನನಗೆ.

ನನ್ನನ್ನು ಕೊಂಡವನು ಅಡಿವೆಪ್ಪ. ಊರ ಹೊರಗಿನ ಒಂದು ನರ್ಸರಿಯಲ್ಲಿ ಕಸಿ ಕಟ್ಟುವ ಕೆಲಸ ಅವನದು. ಕೊಂಡದ್ದು ತನಗಲ್ಲ, ತಂಗಿ ಮಹಾನಂದಾಳಿಗೆ.

ಅವಳ ಕಥೆ ನನಗೆ ತಿಳಿದದ್ದು ಆಮೇಲೆ. ಗಂಡನ ಮನೆಯಲ್ಲಿ ಸ್ಟೋ ಸಿಡಿದು ಅವಳ ಮುಖದ ಎಡಭಾಗ, ಕತ್ತು ಸುಟ್ಟಿದ್ದವು. ಆಸ್ಪತ್ರೆಗೆ ಬಂದ ಗಂಡ ಬಾಗಿಲಿನಿಂದಲೇ ನೋಡಿ ಹಿಂದಿರುಗಿದವನು ಮತ್ತೆ ಬರಲಿಲ್ಲ. ಅಣ್ಣ ಅವಳನ್ನು ತವರಿಗೆ ಕರೆತಂದ. ಗೋಡೆಯ ಕನ್ನಡಿ ತೆಗೆದ. ಸ್ಟೀಲಿನ ತಾಟುಗಳನ್ನು ಅಟ್ಟಕ್ಕೆ ಹಾಕಿ ಅಲ್ಯುಮಿನಿಯಂ ತಾಟು ತಂದ. ಹುಡುಗಿಯಾಗಿದ್ದಾಗ ಅವಳು ಕಟ್ಟಿದ ಕಸಿ ಒಂದೂ ಒಣಗುತ್ತಿರಲಿಲ್ಲವಂತೆ. ಕೈಗೆ ಕೆಲಸ ಸಿಕ್ಕರೆ ಜೀವ ಹಗುರಾದೀತು ಎಂದು ಅವನ ಆಸೆ. ಪಾಪ, ಅಂಗಡಿಯಲ್ಲಿ ಎಲ್ಲಕ್ಕಿಂತ ಹೊಳೆಯುವ ಚಾಕುವನ್ನೇ ಆರಿಸಿದ್ದ.

"ತಂಗೀ, ನೋಡಿಲ್ಲೆ, ನಿನಗಂತ ತಂದೇನಿ," ಅಂದ.

ಅವಳು ಕಾಗದ ಬಿಚ್ಚಿದಳು. ನನ್ನ ಹಿಡಿಕೆಯಲ್ಲಿ ಅವಳ ಮುಖ ಮೂಡಿತು. ಎಷ್ಟೋ ತಿಂಗಳ ನಂತರ ಅವಳು ತನ್ನನ್ನು ನೋಡಿಕೊಂಡದ್ದು ಅದೇ ಮೊದಲು. ಚೀರಿ ನನ್ನನ್ನು ಎಸೆದಳು. ಒಲೆಯ ಕಟ್ಟೆಗೆ ಬಡಿದು ನಾನು ಮೂಲೆ ಸೇರಿದೆ.

"ನನ್ನ ಅಣಕಿಸಾಕ ತಂದೀ ಏನೋ ಅಣ್ಣಾ?"

ಅಡಿವೆಪ್ಪ ನನ್ನನ್ನು ಎತ್ತಿಕೊಂಡು ಅಂಗಳಕ್ಕೆ ಹೋದ. ಇದ್ದಲ ಮಸಿಗೆ ಎಣ್ಣೆ ಕಲಸಿ ನನಗೆ ಬಳಿದ. ನನಗೆ ಬೇಸರವಾಗಲಿಲ್ಲ. ಆ ಚೀರು ಕೇಳಿದ ಮೇಲೆ ಈ ಹೊಳಪು ನನಗೂ ಬೇಡವಾಗಿತ್ತು. ಆದರೆ ಮಸಿ ನಿಲ್ಲಲಿಲ್ಲ. ಅವನ ಅಂಗೈಯೆಲ್ಲ ಕಪ್ಪಾಯಿತು, ನಾನು ಮತ್ತೆ ಫಳಫಳ.

ಒಳಗಿನಿಂದ ಇದನ್ನೆಲ್ಲ ನೋಡುತ್ತಿದ್ದ ಮಹಾನಂದಾ ಸೆರಗು ಮುಖಕ್ಕೆಳೆದುಕೊಂಡು ಹೊರಬಂದಳು. "ಮೌನೇಶ ಕಾಕಾನ ಕಡೆ ಹೋಗೂಣು ನಡಿ, ಕರಿ ಮಾಡಿ ಕೊಡ್ತಾನ. ನಾನೂ ಬರ್ತೀನಿ," ಅಂದಳು. ತವರಿಗೆ ಬಂದ ಮೇಲೆ ಅವಳು ಹೊಸ್ತಿಲು ದಾಟಿದ್ದು ಆವತ್ತೇ. ಅಣ್ಣನ ಮಸಿಗೈ ನೋಡಿಯೇ ಹೊರಟಿರಬೇಕು.

ಮೌನೇಶ ವಯಸ್ಸಾದ ಕಂಬಾರ. ನನ್ನ ಮೊಳೆ ಬಿಡಿಸಿ ತಗಡುಗಳನ್ನು ಬೇರೆ ಮಾಡಿದ. "ಅಲಗಿಗೆ ಬೆಂಕಿ ತೋರಸಂಗಿಲ್ಲ, ಹದಾ ಹೋಗತೈತಿ. ತಗಡಷ್ಟ ಕಾಸೂಣು. ಅಡಿವೆಪ್ಪಾ, ತಿದಿ ಒತ್ತು," ಅಂದ.

ಬೆಂಕಿ ಭುಗಿಲೆಂದಿತು. ಬಾಗಿಲಲ್ಲಿ ನಿಂತಿದ್ದ ಮಹಾನಂದಾ ಹಿಂದೆ ಸರಿದು ಗೋಡೆ ಹಿಡಿದಳು. ಅಡಿವೆಪ್ಪ ತಿದಿ ಬಿಟ್ಟು ಏಳಹೋದ. ಮೌನೇಶ ಕಣ್ಸನ್ನೆಯಲ್ಲೇ ಅವನನ್ನು ಕೂರಿಸಿದ.

"ಯವ್ವಾ ಮಹಾನಂದಾ, ನನ್ನ ಕಣ್ಣು ಮಂಜಾಗ್ಯಾವು. ತಗಡಿನ ಬಣ್ಣಾ ನೋಡಿ ಹೇಳಾಕ ನಿನ್ನಂಥಾಕಿ ಬೇಕು. ನೀಲಿ ಬಂದ್ಕೂಡ್ಲೆ ಹೇಳು. ತಡಾ ಆದ್ರ ಕೆಡತೈತಿ."

ಅವಳು ಒಂದು ಹೆಜ್ಜೆ ಇಟ್ಟಳು. ನಿಂತಳು. ಇನ್ನೊಂದು ಇಟ್ಟಳು. ಇಕ್ಕಳದ ತುದಿಯಲ್ಲಿ ನನ್ನ ತಗಡು ಮೊದಲು ಗೋಧಿಬಣ್ಣಕ್ಕೆ ತಿರುಗಿತು, ಆಮೇಲೆ ಬೆಲ್ಲದ ಬಣ್ಣ, ಆಮೇಲೆ ನೇರಳೆ. ಉರಿ ನನಗೂ ತಾಳಲಾರದಷ್ಟಿತ್ತು. ಆದರೂ ಅವಳ ಮುಖವನ್ನೇ ನೋಡುತ್ತಿದ್ದೆ. ತಗಡಿನ ಬಣ್ಣ ನೋಡುವ ಭರದಲ್ಲಿ ಅವಳ ಸೆರಗು ಹೆಗಲಿಗೆ ಜಾರಿತ್ತು. ಅವಳಿಗೆ ಅದರ ಅರಿವೇ ಇರಲಿಲ್ಲ.

"ಬಂತು! ಕಾಕಾ, ನೀಲಿ ಬಂತು!"

ಮೌನೇಶ ತಗಡನ್ನು ಎಣ್ಣೆಗೆ ಅದ್ದಿದ. ಚೊಂಯ್ ಎಂದು ಹೊಗೆ ಎದ್ದಿತು. ಮತ್ತೆ ಕಾಸಿದ, ಮತ್ತೆ ಅದ್ದಿದ. ಹೊತ್ತು ಇಳಿಯುವುದರೊಳಗೆ ಎಣ್ಣೆ ಸುಟ್ಟು ಹಿಡಿದು ನನ್ನ ಹಿಡಿಕೆ ದೋಸೆಕಾವಲಿಯ ಹಾಗೆ ಕಪ್ಪಾಯಿತು. ಮೌನೇಶ ಮೊಳೆ ಬಡಿದು ನನ್ನನ್ನು ಮಹಾನಂದಾಳ ಕೈಗೇ ಕೊಟ್ಟ. ಅವಳು ಅಲಗು ಬಿಡಿಸಿದಳು. ಅಲಗು ಮಾತ್ರ ಹೊಳೆಯುತ್ತಿತ್ತು. ಆ ಕಿರಿದಾದ ಹೊಳಪಿನಲ್ಲಿ ಅವಳ ಒಂದು ಕಣ್ಣಷ್ಟೇ ಹಿಡಿಸಿತು. ಬೆಂಕಿ ಮುಟ್ಟದ ಕಣ್ಣು. ಅವಳು ಬಹಳ ಹೊತ್ತು ಅದನ್ನು ನೋಡಿದಳು.

ಆ ಮಳೆಗಾಲದಿಂದಲೇ ನಮ್ಮ ದುಡಿಮೆ ಶುರುವಾಯಿತು. ಎಳೆ ಸಸಿಯ ತಲೆ ಕತ್ತರಿಸಿ, ಕಾಂಡ ಸೀಳಿ, ಆಪೂಸಿನ ಕಡ್ಡಿಯನ್ನು ಅದರೊಳಗೆ ಕೂಡಿಸಿ ಪಟ್ಟಿ ಸುತ್ತುತ್ತಿದ್ದಳು. ಮೊದಮೊದಲು ಎಲ್ಲರಿಗೂ ಬೆನ್ನು ಹಾಕಿ ನರ್ಸರಿಯ ಚಪ್ಪರದ ಹಿಂದೆ ಕೂರುತ್ತಿದ್ದಳು. ಆಮೇಲೆ ಬೇರೆ ಹೆಂಗಸರು ಕಸಿ ಕಲಿಯಲು ಬಂದು ಎದುರಿಗೇ ಕೂತರು. ಒಮ್ಮೆ ಗಿಡ ಕೊಳ್ಳಲು ಬಂದಾಕೆಯೊಬ್ಬಳು ಸುಮ್ಮನಿರಲಾರದೆ, "ಮುಖಕ್ಕೇನಾಗೇತ್ರಿ?" ಎಂದು ಕೇಳಿಬಿಟ್ಟಳು. ನನ್ನನ್ನು ಹಿಡಿದ ಬೆರಳು ಬಿಗಿಯಾದವು. ನಾನು ಹೆದರಿದೆ.

"ಸ್ಟೋ ಸಿಡೀತ್ರಿ," ಅಂದಳು ಮಹಾನಂದಾ. "ನಿಮಗ ಆಪೂಸ ಬೇಕೋ, ಮಲಗೋಬಾ ಬೇಕೋ?"

ಬೆರಳು ಸಡಿಲಾದವು.

ಈಗ ನಾನು ಮುದಿಚಾಕು. ಸಾಣೆ ಹಿಡಿದು ಹಿಡಿದು ಅಲಗು ಹುಲ್ಲುಗರಿಯಂತಾಗಿದೆ, ಸ್ಪ್ರಿಂಗು ನಿಲ್ಲುವುದಿಲ್ಲ. ಹೋದ ವರ್ಷ ಅವಳು ನನ್ನನ್ನು ಒರೆಸಿ, ಎಣ್ಣೆ ಸವರಿ, ಚಪ್ಪರದ ಗೂಡಿನಲ್ಲಿಟ್ಟಳು. ತಾನೇ ಪೇಟೆಗೆ ಹೋಗಿ ಹೊಸ ಚಾಕು ತಂದಳು. ಮಿರಮಿರ ಮಿಂಚುವ ಚಾಕು. ಅಡಿವೆಪ್ಪನಿಗೆ ಗಾಬರಿ.

"ಇದನ್ನೂ ಕರಿ ಮಾಡಸೂಣೇನವಾ?"

"ಯಾಕೋ ಅಣ್ಣಾ? ಛಲೋ ಐತಲ್ಲ, ಇರಲಿ ಬಿಡು."

ನಿಜ ಹೇಳುತ್ತೇನೆ, ಆಗ ನನಗೆ ಹೊಸದರ ಮೇಲೆ ಹೊಟ್ಟೆಕಿಚ್ಚಾಯಿತು. ನಾನು ಬೆಂಕಿಯಲ್ಲಿ ಬೆಂದು ಹೊಳಪು ಬಿಟ್ಟುಕೊಟ್ಟೆ, ಇದಕ್ಕೆ ಏನೂ ಇಲ್ಲವೇ ಅನಿಸಿತು. ಆ ಕಿಚ್ಚು ಮಧ್ಯಾಹ್ನದವರೆಗೂ ಉಳಿಯಲಿಲ್ಲ. ಊಟಕ್ಕೆ ಏಳುವ ಮುಂಚೆ ಮಹಾನಂದಾ ಹೊಸ ಚಾಕುವಿನ ಹಿಡಿಕೆಯನ್ನು ಮುಖದೆದುರು ಹಿಡಿದಳು. ಸುಟ್ಟ ಕೆನ್ನೆಯ ಮೇಲೆ ಕೆಮ್ಮಣ್ಣು ಮೆತ್ತಿತ್ತು. ಸೆರಗಿನ ತುದಿಯಿಂದ ಅದನ್ನು ಒರೆಸಿಕೊಂಡಳು. ಆ ಕಡೆ ಈ ಕಡೆ ತಿರುಗಿ ಎರಡೂ ಕೆನ್ನೆ ನೋಡಿಕೊಂಡು, ಚಾಕು ಮಡಚಿ, ಬುತ್ತಿ ಬಿಚ್ಚಿದಳು.