ಬಾಲ ತರುವವಳು

ಲಿಫ್ಟ್ ರಿಪೇರಿಯವನಿಗೆ ಹಗುರವಾದ ಚಕ್ರ ಇರಲಿಲ್ಲ. ಉಳಿದದ್ದೆಲ್ಲ ಸುಮಾರಾಗಿ ಇತ್ತು: ಕೈತುಂಬ ಕೆಲಸ, ಇರಲು ಅಕ್ಕನ ಮನೆ, ಯಾರೋ ಓಡಿಸಿ ಬಿಟ್ಟ ರೇಸಿಂಗ್ ಸೈಕಲ್ಲು. ಅದರ ಚೌಕಟ್ಟು ಚೆನ್ನಾಗಿಯೇ ಇತ್ತು. ಚಕ್ರಗಳು ಮಾತ್ರ ಬೀಸುವ ಕಲ್ಲು. ಸಪಾಟು ರಸ್ತೆಯಲ್ಲಿ ಅದು ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಸೈಕಲ್ ಗುಂಪಿನ ಜೊತೆ ಗುಡ್ಡ ಹತ್ತುವಾಗ ಗೊತ್ತಾಗುತ್ತಿತ್ತು.

ಗುಡ್ಡದ ತುದಿಯಲ್ಲಿ ನೀರಿನ ಟ್ಯಾಂಕು, ಅದರ ಸುತ್ತ ಮೋಟು ಗೋಡೆ. ಮೊದಲು ಹತ್ತಿದವರು ಆ ಗೋಡೆಯ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದರು. ಅವನು ಮುಟ್ಟುವ ಹೊತ್ತಿಗೆ ಸಿಪ್ಪೆ ಸಿಗುತ್ತಿತ್ತು. ಯಾವುದೋ ಜೋಕಿಗೆ ಎಲ್ಲರೂ ನಕ್ಕು ಮುಗಿಸಿ ಕಣ್ಣೊರೆಸಿಕೊಳ್ಳುತ್ತಿರುತ್ತಿದ್ದರು. ಏನೆಂದು ಕೇಳಿದರೆ, "ಬಿಡು, ಹಳೇದಾಯ್ತು" ಅನ್ನುತ್ತಿದ್ದರು.

ಆದರೆ ತುದಿಗೆ ನಾಲ್ಕು ತಿರುವು ಇರುವಾಗ ಮೇಲಿನಿಂದ ಒಬ್ಬಳು ಇಳಿದು ಬರುತ್ತಿದ್ದಳು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಗುಂಪಿನಲ್ಲಿ ಅವಳ ಹೆಸರೂ ಅದೇ. ಗುಡ್ಡದ ಮೇಲೆ ಅವಳನ್ನು ಮೀರಿಸುವವರು ಯಾರೂ ಇರಲಿಲ್ಲ. ಇಳಿದು ಬಂದವಳು ಅವನ ಹತ್ತಿರ ಸೈಕಲ್ ತಿರುಗಿಸಿ, ಪಕ್ಕಕ್ಕೆ ಪಕ್ಕ ಮತ್ತೆ ಹತ್ತುತ್ತಿದ್ದಳು.

"ಭುಜ ಬಿಡು ಲಿಫ್ಟ್. ಹ್ಯಾಂಡಲ್ ಕತ್ತು ಯಾಕೆ ಹಿಸುಕ್ತೀಯಾ, ಅದೇನು ನಿನ್ನ ಮ್ಯಾನೇಜರಾ?"

ಅವನಿಗೆ ಉತ್ತರ ಕೊಡುವಷ್ಟು ಉಸಿರು ಇರುತ್ತಿರಲಿಲ್ಲ. ಅವಳೇ ಮಾತಾಡುತ್ತಿದ್ದಳು. ಎಕ್ಸ್‌ರೇಗೆ ನಿಲ್ಲಿಸಿದರೆ ಫೋಟೋ ಎಂದುಕೊಂಡು ತಲೆ ಬಾಚಿದ ಮುದುಕನ ಸಂಗತಿ, ನುಂಗಿದ ಹಿತ್ತಾಳೆ ಗುಂಡಿ ಹೊಟ್ಟೆಯಲ್ಲಿ ಬೆಳ್ಳಗೆ ಕಂಡಾಗ ಚಪ್ಪಾಳೆ ತಟ್ಟಿದ ಮಗುವಿನ ಸಂಗತಿ. ಅವನು "ಹೂಂ" ಅನ್ನುತ್ತಿದ್ದ, ಅದೂ ಎರಡು ತಿರುವಿಗೊಂದು. ಆಮೇಲೆ ವಾರವೆಲ್ಲ ಲಿಫ್ಟಿನ ಬಾವಿಯಲ್ಲಿ ಹಗ್ಗಕ್ಕೆ ಗ್ರೀಸ್ ಬಳಿಯುತ್ತ ಒಂದೊಂದಕ್ಕೂ ಉತ್ತರ ಹೊಸೆಯುತ್ತಿದ್ದ. ಒಳ್ಳೆಯ ಉತ್ತರಗಳು. ಹೇಳಲು ಉಸಿರು ಬೇಕು, ಅಷ್ಟೇ.

ಹತ್ತಿದ ಗುಡ್ಡವನ್ನು ಯಾರಾದರೂ ಸುಮ್ಮಸುಮ್ಮನೆ ಇನ್ನೊಮ್ಮೆ ಹತ್ತುತ್ತಾರೆಯೇ? ತನಗಾಗಿಯೇ ಇಳಿದು ಬರುತ್ತಾಳೆ ಎಂದು ಅವನು ತೀರ್ಮಾನಿಸಿದ್ದ. ಹಾಗಾದರೆ ಬುಡದಿಂದ ತುದಿಯವರೆಗೆ ಅವಳ ಪಕ್ಕದಲ್ಲೇ, ಮಾತಾಡಿಕೊಂಡು ಹತ್ತಿದರೆ ಹೇಗಿರುತ್ತದೆ? ಅವನಿಗೆ ಬೇಕಿದ್ದುದು ಅದು. ಚಕ್ರ ಬೇಕು ಎಂದು ಮಾತ್ರ ಎಲ್ಲರಿಗೂ ಹೇಳಿದ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದಳು ಅಕ್ಕ. "ನಿನ್ನದು ಚಕ್ರ ಡೊಂಕು."

"ಡೊಂಕಲ್ಲ ಕಣೇ, ಭಾರ."

"ಎರಡು ತಟ್ಟೆ ಅನ್ನ ಇಳಿಸ್ತೀಯಲ್ಲ, ಅದೇನು ಹತ್ತಿಯಷ್ಟು ಹಗುರಾನಾ? ಊರೋರನ್ನೆಲ್ಲ ಮೇಲೆ ಹತ್ತಿಸೋನು, ತಾನು ಒಂದು ದಿಬ್ಬ ಹತ್ತಲಾರ!"

ಗುಂಪಿನ ವಕೀಲರು ಹೊಸ ಚಕ್ರ ತರಿಸಿಕೊಂಡು ಹಳೆಯ ಜೋಡಿಯನ್ನು ಅವನಿಗೆ ಕೊಟ್ಟರು. ತೆಳ್ಳಗಿನ ರಿಮ್ಮು, ಎಣಿಸುವಷ್ಟೇ ಕಡ್ಡಿ. "ನೋಡೋಕೆ ನರಪೇತಲ, ಆದರೆ ಗಟ್ಟಿ ಕಣಯ್ಯ," ಎಂದರು. "ನನ್ನಂಥ ಮೂಟೆ ಹೊತ್ತು ಎಲ್ಲ ಗುಂಡಿಗೂ ಬಿದ್ದಿದೆ. ಒಂದು ಕಡ್ಡಿ ಸಡಿಲಾಗಿಲ್ಲ. ನನ್ನ ಕಕ್ಷಿದಾರರಿಗಿಂತ ನೆಟ್ಟಗಿದೆ."

ಅವನು ಎರಡೂ ಚಕ್ರಗಳನ್ನು ಒಂದೇ ಕೈಯಲ್ಲಿ ಹಿಡಿದು ಮನೆಗೆ ತಂದ. ಮಧ್ಯೆ ಮಧ್ಯೆ ಇದೆಯೋ ಇಲ್ಲವೋ ಎಂದು ತಿರುಗಿ ನೋಡಿಕೊಂಡ.

ಆ ಭಾನುವಾರ ಸೈಕಲ್ಲು ಅವನ ಮಾತು ಕೇಳಿತು. ತುಳಿದದ್ದೆಲ್ಲ ರಸ್ತೆಗೆ ಸೇರಿತು. ಒಬ್ಬೊಬ್ಬರನ್ನೇ ಹಿಂದೆ ಹಾಕಿ, ಎಕ್ಸ್‌ರೇ ಮುಟ್ಟಿದ ಸ್ವಲ್ಪ ಹೊತ್ತಿಗೆ, ವಕೀಲರ ಬೆನ್ನಿಗೇ ಟ್ಯಾಂಕು ಮುಟ್ಟಿದ. ಎದೆಯಲ್ಲಿ ಉಸಿರು ಮಿಕ್ಕಿತ್ತು. ಮುದುಕನ ಬಾಚಣಿಗೆಗೆ ಹೊಸೆದಿಟ್ಟ ಉತ್ತರ ನಾಲಿಗೆ ತುದಿಯಲ್ಲಿತ್ತು.

ಎಕ್ಸ್‌ರೇ ನೀರು ಕುಡಿದು ಬಾಯಿ ಒರೆಸಿಕೊಂಡಳು. "ಶಹಬ್ಬಾಸ್ ಲಿಫ್ಟ್!" ಎಂದಳು. ಒಬ್ಬರುಳಿದು ಎಲ್ಲರೂ ಬರುವವರೆಗೆ ಕಾದು ತಲೆ ಎಣಿಸಿದಳು. "ಹಾಗಾದ್ರೆ ಇವತ್ತು ಬಾಲ ಯಾರು?"

"ಔಷಧಿ ಅಂಗಡಿ," ಎಂದರು ವಕೀಲರು. "ಲಿಫ್ಟಿಗೆ ಪ್ರಮೋಷನ್ ಆಯ್ತಲ್ಲ."

"ಸರಿ, ತರ್ತೀನಿ." ಸೈಕಲ್ ತಿರುಗಿಸಿ ಇಳಿದೇ ಹೋದಳು.

"ಬಾಲ ಅಂದ್ರೆ?" ಎಂದು ಅವನು ಕೇಳಿದ.

"ಮೊದಲು ಹತ್ತಿದವರು ಕೊನೆಯವರನ್ನ ಕರ್ಕೊಂಡು ಬರಬೇಕು. ಗುಂಪಿನ ಕಾನೂನು. ನಿನಗೆ ಗೊತ್ತಿಲ್ವಾ?" ವಕೀಲರು ಬಾಳೆಹಣ್ಣು ಸುಲಿಯುತ್ತ ನಕ್ಕರು. "ಹೇಗೆ ಗೊತ್ತಿರುತ್ತೆ! ಬಾಲ ಯಾರು ಅನ್ನೋ ಮಾತು ಇಲ್ಲಿ ಆಗೋದು. ಅಷ್ಟು ಹೊತ್ತಿಗೆ ನೀನು ಯಾವತ್ತು ಇಲ್ಲಿದ್ದೆ?"

ಕೆಳಗಿನ ತಿರುವಿನಿಂದ ಅವಳ ದನಿ ಗಾಳಿಯಲ್ಲಿ ಬಂತು. "ಭುಜ ಬಿಡು ಔಷಧಿ. ಹ್ಯಾಂಡಲ್ ಕತ್ತು ಯಾಕೆ ಹಿಸುಕ್ತೀಯಾ?" ಮಾತು ಅದೇ, ರಾಗವೂ ಅದೇ. ಅವನ ಕೈಗೆ ಯಾರೋ ಇಡೀ ಬಾಳೆಹಣ್ಣು ಕೊಟ್ಟರು. ತಿಂದ. ರುಚಿ ಹತ್ತಲಿಲ್ಲ.

ಮುಂದಿನ ವಾರ ಬೇಕೆಂದೇ ಹಿಂದೆ ಉಳಿದ. ಔಷಧಿ ಅಂಗಡಿಯವನಿಗೆ ಉಬ್ಬಸ. ಈ ಚಕ್ರದಲ್ಲಿ ಅವನಿಗಿಂತ ನಿಧಾನ ಹೋದರೆ ಸೈಕಲ್ಲೇ ಬೀಳುತ್ತದೆ. "ನನಗೋಸ್ಕರ ನಿಲ್ಬೇಡಪ್ಪಾ, ನೀನು ಒಳ್ಳೇನು, ಹೋಗು," ಎಂದು ಆ ಪುಣ್ಯಾತ್ಮ ಬೆನ್ನು ತಟ್ಟಿ ಕಳಿಸಿದ. ಹೋಗಲಿ, ಚಕ್ರವೇ ಕೆಟ್ಟರೆ? ಕೆಲಸಕ್ಕೆ ಹೋಗುವಾಗ ಕಂಡ ಗುಂಡಿಗೆಲ್ಲ ಇಳಿಸಿದ. ಸೊಂಟ ನೋಯಿತು. ಸೈಕಲ್ ತಲೆಕೆಳಗು ನಿಲ್ಲಿಸಿ ಚಕ್ರ ತಿರುಗಿಸಿದರೆ ಕೂದಲೆಳೆಯಷ್ಟೂ ಓಲಾಡಲಿಲ್ಲ. ವಕೀಲರು ಜೀವಮಾನದಲ್ಲಿ ಒಂದೇ ಒಂದು ನಿಜ ಹೇಳಿದ್ದರು, ಅದೂ ಇದರ ಬಗ್ಗೆ.

ಕೊನೆಗೆ ಬೀಸುವ ಕಲ್ಲುಗಳನ್ನೇ ಮತ್ತೆ ಹಾಕಿಕೊಂಡು ಹೋದ. ಎಲ್ಲರಿಗಿಂತ ಹಿಂದೆ ಬಿದ್ದ. ತುದಿಗೆ ನಾಲ್ಕು ತಿರುವು ಇರುವಾಗ ಅವಳು ಇಳಿದು ಬಂದಳು.

"ಹಳೇ ಚಕ್ರ! ವಕೀಲರದ್ದು ಮುರೀತಾ?"

"ಇಲ್ಲ."

"ಮತ್ತೆ?"

ಅವನು ಪೆಡಲ್ ಒತ್ತಿದ. ಅವಳೂ ಪಕ್ಕದಲ್ಲೇ ತುಳಿದಳು. ಎರಡು ತಿರುವು ಹೋದವು. ಇಷ್ಟು ತಿಂಗಳಲ್ಲಿ ಕಾಲು ಗಟ್ಟಿಯಾಗಿತ್ತು. ಈ ಭಾರದಲ್ಲೂ ಮಾತಿಗೆ ಉಸಿರು ಉಳಿದಿತ್ತು.

"ಕಾನೂನು ಇಲ್ಲದಿದ್ರೂ ಬರ್ತಿದ್ರಾ ನೀವು?"

ಅವಳು ಅವನ ಮುಖ ನೋಡಿದಳು, ಆಮೇಲೆ ಚಕ್ರ ನೋಡಿದಳು. ತಮಾಷೆ ಮಾಡಲಿಲ್ಲ.

"ಇಲ್ಲ ಲಿಫ್ಟ್," ಎಂದಳು. "ಉಸಿರು ಸಿಗದೋರಿಗೆ ಜೊತೆ ಬೇಕು ಅಂತ ಬರ್ತೀನಿ. ನಿನಗೆ ಸಿಗ್ತಿದೆ. ನೀನೇ ಬಾ."

ಅವಳು ಸೀಟಿನಿಂದ ಎದ್ದು ನಿಂತು ತುಳಿದಳು. ತಿರುವಿನಲ್ಲಿ ಮರೆಯಾದಳು.

ಅವನು ತುಳಿಯುತ್ತ ಲೆಕ್ಕ ಹಾಕಿದ. ಅವಳ ಜೊತೆ ಹತ್ತುವುದರಲ್ಲಿ ಕಳೆದುಕೊಂಡದ್ದು ಇವತ್ತಿನ ಎರಡು ತಿರುವು, ಇನ್ನು ಮೇಲೆ ಪ್ರತಿ ಭಾನುವಾರದ ನಾಲ್ಕೂ.