ಹಗ್ಗ ಬಿಟ್ಟು ಬಂದ ಕಾರ್ಡು

ಚಳಿಗಾಲದ ಹೊತ್ತಿಗೆ ತುರ್ದುಬಾಯ್ ಮುದುಕನ ಕಣ್ಣು ಪೂರ್ತಿ ಹೋಗುತ್ತದೆ ಎಂದು ವೈದ್ಯರು ಹೇಳಿದ ದಿನವೇ ಅವನ ಮಗಳು ಜಿಪಾರ್ ಹಟ ಹಿಡಿದಳು. ಅಪ್ಪ ನಲವತ್ತು ಬೇಸಿಗೆ ಕುದುರೆ ಮೇಯಿಸಿದ ಬೆಟ್ಟದ ಹುಲ್ಲುಗಾವಲನ್ನು ಅವನಿಗೆ ಇನ್ನೊಮ್ಮೆ ತೋರಿಸಬೇಕು. ಅಷ್ಟು ಎತ್ತರ ಹತ್ತಿದರೆ ಅವನ ಎದೆ ತಡೆಯುತ್ತಿರಲಿಲ್ಲ. ಹಾಗಾಗಿ ತಾನೇ ಹೋಗಿ ಸಾವಿರಾರು ಫೋಟೋ ತೆಗೆದು, ಹುಲ್ಲುಗಾವಲನ್ನೂ, ತೀರಿಹೋದ ಅಮ್ಮನೊಂದಿಗೆ ತಾವಿದ್ದ ಡೇರೆಯನ್ನೂ ಕಂಪ್ಯೂಟರಿನೊಳಗೆ ಕಟ್ಟಿದಳು.

ಕಟ್ಟಿದ್ದೇನೋ ಸರಿ. ಆದರೆ ಚಿತ್ರ ಬಿಡಿಸುವ ಕೆಲಸವನ್ನೂ ಆ ಬಡಪಾಯಿ ಕಂಪ್ಯೂಟರು ತನ್ನ ಉಳಿದ ಕೆಲಸಗಳ ನಡುವೆಯೇ ಮಾಡಬೇಕಿತ್ತು. ಒಬ್ಬಳೇ ಸೊಸೆ ಹಾಲೂ ಕರೆದು, ಮದುವೆ ಅಡುಗೆಯನ್ನೂ ಮಾಡಿದ ಹಾಗೆ. ಹುಲ್ಲು ಹಸಿರು ಗಂಜಿಯಾಗಿತ್ತು, ಹೊಳೆ ಬಿಕ್ಕಳಿಸುತ್ತಿತ್ತು. ಅಪ್ಪ ಮಾತ್ರ ದಿನವೂ ಎದುರು ಕುಳಿತು "ಚೆನ್ನಾಗಿದೆ ಕಣಮ್ಮಾ" ಎನ್ನುತ್ತಿದ್ದ. ಬೀಗರ ಮನೆಯ ಉಪ್ಪಿಲ್ಲದ ಸಾರನ್ನು ಹೊಗಳುವ ದನಿ ಅದು. ಜಿಪಾರ್‌ಗೆ ಅದು ಗೊತ್ತಾಗುತ್ತಿತ್ತು.

ಚಿತ್ರಕ್ಕೆಂದೇ ಬೇರೆ ಕಾರ್ಡು ಹಾಕಿದರೆ ಸರಿಹೋಗುತ್ತದೆ ಎಂದು ಗೊತ್ತಾದಾಗ ಮುದುಕ ತಾನೇ ತರುತ್ತೇನೆಂದು ಹೊರಟ. ನರಿನ್ ಊರಿನ ಪೇಟೆಯಲ್ಲಿ ಹಳೆಯ ಕಂಪ್ಯೂಟರ್ ಸಾಮಾನು ಮಾರುವ ಮುಕಂಬೆತ್ ಹಿಂದೆ ಕುದುರೆ ದಲ್ಲಾಳಿಯಾಗಿದ್ದವನು, ಇವನ ಗೆಳೆಯ. ಮಧ್ಯಾಹ್ನ ಮುದುಕ ಕಾರ್ಡನ್ನು ಎಳೆಯ ಕುರಿಮರಿಯಂತೆ ಕೋಟಿನೊಳಗೆ ಅವುಚಿಕೊಂಡು ಬಂದ.

ಜಿಪಾರ್ ಕಂಪ್ಯೂಟರ್ ಬಿಚ್ಚಿ ಕಾರ್ಡು ಕೂರಿಸಿ, ಪರದೆಯ ತಂತಿಯನ್ನು ಹಳೆಯ ಜಾಗದಿಂದ ಕಿತ್ತು ಹೊಸದಕ್ಕೆ ಸಿಕ್ಕಿಸಿದಳು. ಪರದೆ ಕಪ್ಪಗೇ ಇತ್ತು.

"ಅಪ್ಪಾ, ಇದಕ್ಕೆ ಕರೆಂಟು ಕೊಡೋ ತಂತಿ ಒಂದು ಇರ್ಬೇಕಲ್ಲಾ?"

"ಇತ್ತು. ಕಾರ್ಡಿಗೇ ಸಿಕ್ಕಿಸಿದ್ದ. ಬಿಚ್ಚಿ ವಾಪಸ್ ಕೊಟ್ಟೆ."

"ಅಯ್ಯೋ, ಯಾಕೆ?"

"ಯಾಕೆ ಅಂದ್ರೆ? ಕುದುರೆ ಮಾರಿದೋನ ಹತ್ರ ಹಗ್ಗ ಉಳೀಬೇಕು. ಹಗ್ಗಾನೂ ಹೊಡ್ಕೊಂಡು ಬಂದ್ರೆ ಅವನ ಮನೆ ಅದೃಷ್ಟಾನೇ ಹೊಡ್ಕೊಂಡು ಬಂದ ಹಾಗೆ. ನಾನೇನು ಕಳ್ಳನಾ?"

ಜಿಪಾರ್ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಇಬ್ಬರೂ ಪೇಟೆಗೆ ಹೋದರು. ಮುಕಂಬೆತ್ ಆಗಲೇ ತಂತಿಯನ್ನು ಗೋಡೆಯ ಮೊಳೆಗೆ ನೇತುಹಾಕಿದ್ದ.

"ಬಿಟ್ಟುಹೋದ ಹಗ್ಗ ತಿರುಗಿ ಕೇಳ್ತಾರೇನೋ ಮುದಿಯಾ? ನನ್ನ ಅಂಗಡಿ ಮುಚ್ಚಿಸ್ಬೇಕಾ?"

"ಬರಿಗೈಲಿ ಬಂದಿಲ್ಲ ಕಣೋ. ಬದಲಿಗೆ ಹಗ್ಗ ತಂದಿದೀನಿ."

ಮುದುಕ ಕೋಟಿನಿಂದ ತೆಗೆದದ್ದು ತನ್ನ ಕೊನೆಯ ಕುದುರೆಯ ಹಗ್ಗ. ಕಣ್ಣು ಮಂಜಾದ ವರ್ಷ ಆ ಬೂದು ಹೆಣ್ಣುಕುದುರೆಯನ್ನು ಮಾರಿ, ಹಗ್ಗವನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದ. ಅದನ್ನು ಅವನು ಯಾವಾಗ ಎತ್ತಿಕೊಂಡನೋ ಜಿಪಾರ್‌ಗೆ ತಿಳಿಯಲಿಲ್ಲ. ಮುಕಂಬೆತ್ ತಂತಿ ಇಳಿಸಿ ಕೊಟ್ಟು, ಆ ಮೊಳೆಗೆ ಹಗ್ಗ ನೇತುಹಾಕಿದ.

ಮನೆಯಲ್ಲಿ ಪರದೆ ಬೆಳಗಿತು. ಹುಲ್ಲು ಎಸಳೆಸಳಾಗಿ ಎದ್ದು ನಿಂತು, ಗಾಳಿಗೆ ಬಾಗಿತು. ಮೋಡದ ನೆರಳೊಂದು ಇಳಿಜಾರಿನಲ್ಲಿ ತೇಲಿ ಬಂದು, ಹೊಳೆ ದಾಟಿ, ಆಚೆ ದಡ ಹತ್ತಿತು. ನೋಡುತ್ತಿದ್ದವರಿಗೆ ಅದರ ಹಿಂದೆ ತಾವಿದ್ದ ಕೋಣೆಯೂ ಮೆಲ್ಲನೆ ಜರುಗಿದಂತಾಯಿತು. ಮುದುಕ ಮೂಗು ತಾಗುವಷ್ಟು ಬಗ್ಗಿ ನೋಡಿದ. ಆಮೇಲೆ ಸಿಡುಕಿದ.

"ಇದೇನೇ ಇದು? ಡೇರೆ ಬಾಗಿಲು ಹೊಳೆ ಕಡೆ ಇಟ್ಟಿದೀಯಲ್ಲೇ! ನಿಮ್ಮಮ್ಮ ಬೆಳಗ್ಗೆ ಬಾಗಿಲು ತೆಗೆದ್ರೆ ಮೊದಲು ಮುಖಕ್ಕೆ ಬಿಸಿಲು ಬೀಳ್ಬೇಕಿತ್ತು ಅವಳಿಗೆ. ತಿರುಗಿಸು!"

ಎಷ್ಟೋ ತಿಂಗಳಿಂದ ಅಪ್ಪ ಅವಳನ್ನು ಬೈದಿರಲಿಲ್ಲ. ಜಿಪಾರ್‌ಗೆ ಕುಣಿಯುವಷ್ಟು ಸಂತೋಷವಾಯಿತು.

"ಎಷ್ಟು ತಿರುಗಿಸ್ಲಿ ಅಪ್ಪಾ?"

"ಇನ್ನೂ ಸ್ವಲ್ಪ," ಎಂದ ಅವನು, ಗಾಜಿನ ಮೇಲೆ ಬೆರಳಿಟ್ಟು. "ನಿಲ್ಲು, ನಿಮ್ಮಮ್ಮ ಹೊರಗೆ ಬರ್ಲಿ. ಇನ್ನೂ ಸ್ವಲ್ಪ."